ಅಂಜನಕ್ಕನ ತೊಂಬತ್ತಾರು ಪದಗಳು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಈ ಕಥೆಯಲ್ಲಿ ನಾನು ಆಗಾಗ ರೇಗಿದ್ದೇನೆ, ರೇಗಿದ ಪ್ರತಿ ಸಲವೂ ತಪ್ಪು ನನ್ನದೇ ಆಗಿತ್ತು. ಬೇರೆಯವರ ಬಾಯಿಂದ ನಿಮಗೆ ಇದು ತಿಳಿಯುವುದಕ್ಕಿಂತ ನಾನೇ ಹೇಳಿದರೆ ಸ್ವಲ್ಪ ಮಾನ ಉಳಿಯುತ್ತದೆ.

ಪೀಣ್ಯ ಎರಡನೇ ಹಂತದ ಗವಿರಂಗ ಆಫ್‌ಸೆಟ್ ಪ್ರೆಸ್ಸಿನಲ್ಲಿ ನನಗೆ ಎಂಟು ವರ್ಷದಿಂದ ಕೆಲಸ. ಹೆಸರು ಮಂಜುಶ್ರೀ. ಮುದ್ರಣದಲ್ಲಿ ಡಿಪ್ಲೊಮಾ ಮಾಡಿದ್ದೇನೆ, ಮೊದಲ ಮಹಡಿಯ ಎಸಿ ರೂಮಿನಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತೇನೆ. ಪುಸ್ತಕದ ಪುಟಗಳನ್ನು ದೊಡ್ಡ ಹಾಳೆಯ ಮೇಲೆ ಕೂರಿಸುವುದು ನನ್ನ ಕೆಲಸ. ಹಾಳೆಯ ಈ ಮಗ್ಗುಲಿಗೆ ಎಂಟು ಪುಟ, ಆ ಮಗ್ಗುಲಿಗೆ ಎಂಟು. ಅಚ್ಚಾದ ಮೇಲೆ ಹಾಳೆಯನ್ನು ಮೂರು ಸಲ ಮಡಿಸಿದರೆ ಒಂದರಿಂದ ಹದಿನಾರರವರೆಗೆ ಪುಟಗಳು ಸರದಿಯಲ್ಲಿ ಬರಬೇಕು. ಹೀಗೆ ಕೂರಿಸುವುದಕ್ಕೆ ಇಂಪೊಸಿಷನ್ ಎನ್ನುತ್ತಾರೆ, ಮಡಿಸಿದ ಹಾಳೆಗೆ ಫಾರಂ ಎನ್ನುತ್ತಾರೆ. ಹತ್ತು ಹದಿನೈದು ಫಾರಂ ಸೇರಿದರೆ ಒಂದು ಪುಸ್ತಕ.

ಆ ಸೇರಿಸುವ ಕೆಲಸ ಕೆಳಗಡೆ, ಬೈಂಡಿಂಗ್ ವಿಭಾಗದಲ್ಲಿ. ಅಲ್ಲಿ ಏಳು ಜನ ಹೆಂಗಸರು, ಒಂದು ಉದ್ದನೆಯ ಮೇಜು. ಮೇಜಿಗೆ ಇಂಥವರೇ ಯಜಮಾನಿ ಎಂದು ಎಲ್ಲೂ ಬರೆದಿರಲಿಲ್ಲ. ಆದರೆ ಇಪ್ಪತ್ತಾರು ವರ್ಷದಿಂದ ಅಂಜನಮ್ಮ ಹೇಳಿದ್ದೇ ಅಲ್ಲಿ ನಡೆಯುತ್ತಿತ್ತು, ನಮಗೆಲ್ಲ ಅವರು ಅಂಜನಕ್ಕ. ಪಕ್ಕದ ನೆಲಗದರನಹಳ್ಳಿಯ ಹಳೇ ಮನೆತನದವರು, ಏಳನೇ ಕ್ಲಾಸು ಓದಿದವರು. ನಮ್ಮ ಪ್ರೆಸ್ಸಿನ ಶೆಡ್ಡು ನಿಂತಿರುವುದು ಅವರ ಅಪ್ಪನ ಹೊಲದ ಮೇಲಂತೆ. ನೀನು ಕಂಪ್ಯೂಟರ್ ಇಟ್ಟುಕೊಂಡು ಕೂತಿರೋ ಜಾಗದಲ್ಲಿ ನಮ್ಮಪ್ಪ ಅವರೆ ಬಿತ್ತಿದ್ದರು ಎಂದು ನನ್ನನ್ನು ಕೆಣಕುತ್ತಿದ್ದರು. ಮೊದಲ ಮಹಡಿಯ ತನಕ ಬೆಳೆಯೋ ಅವರೆಯಾ ಎಂದು ನಾನೂ ಬಿಡುತ್ತಿರಲಿಲ್ಲ.

ಮೇಲಿನವರಿಗೂ ಕೆಳಗಿನವರಿಗೂ ಎಲ್ಲ ಪ್ರೆಸ್ಸಿನಲ್ಲೂ ಎಣ್ಣೆ ಸೀಗೇಕಾಯಿ ಸಂಬಂಧವೇ. ಪುಸ್ತಕದಲ್ಲಿ ಪುಟ ಹಿಂದುಮುಂದಾದರೆ ನಾನು ಮಡಿಸಿದವರ ತಪ್ಪು ಎನ್ನುತ್ತೇನೆ, ಅವರು ಕೂರಿಸಿದವರ ತಪ್ಪು ಎನ್ನುತ್ತಾರೆ. ನನ್ನ ಹತ್ತಿರ ಇಂಗ್ಲಿಷ್ ಪದಗಳಿದ್ದವು, ಅವರ ಹತ್ತಿರ ಇರಲಿಲ್ಲ. ಆದ್ದರಿಂದ ಜಗಳದಲ್ಲಿ ಸಾಮಾನ್ಯವಾಗಿ ನಾನೇ ಗೆಲ್ಲುತ್ತಿದ್ದೆ.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ನಮ್ಮ ಮಾಲೀಕರಾದ ಪರಮಾನಂದ ಅವರು ಒಂದು ಸುದ್ದಿ ತಂದರು. ಹೊರರಾಜ್ಯದ ಪ್ರಕಾಶನ ಸಂಸ್ಥೆಯೊಂದು ಮಕ್ಕಳ ಪುಸ್ತಕಗಳ ದೊಡ್ಡ ಕೆಲಸ ಕೊಡಲು ಒಪ್ಪಿದೆ. ಆದರೆ ಪ್ರತಿ ವಿಭಾಗಕ್ಕೂ ಪರೀಕ್ಷೆ ಪಾಸಾದ ಸೂಪರ್‌ವೈಸರ್ ಇರಬೇಕು ಎಂದು ಷರತ್ತು ಹಾಕಿದೆ. ನನ್ನ ವಿಭಾಗಕ್ಕೆ ನನ್ನ ಡಿಪ್ಲೊಮಾ ಸಾಕು, ಮಷಿನ್ ವಿಭಾಗದವರ ಹತ್ತಿರವೂ ಸರ್ಟಿಫಿಕೇಟ್ ಇದೆ. ಬೈಂಡಿಂಗ್‌ನಲ್ಲಿ ಮಾತ್ರ ಯಾರ ಹತ್ತಿರವೂ ಒಂದು ಚೀಟಿಯೂ ಇರಲಿಲ್ಲ. ತರಬೇತಿ ಸಂಸ್ಥೆಯಿಂದ ಒಬ್ಬರು ಪ್ರೆಸ್ಸಿಗೇ ಬಂದು ಪರೀಕ್ಷೆ ಮಾಡುತ್ತಾರಂತೆ. ಅಂಜನಮ್ಮ ಪಾಸಾದರೆ ಸೂಪರ್‌ವೈಸರ್. ಇಲ್ಲದಿದ್ದರೆ ಹೊರಗಿನಿಂದ ಯಾರನ್ನಾದರೂ ಕರೆತಂದು ಆ ಮೇಜಿನ ತಲೆಗೆ ಕೂರಿಸಬೇಕು.

ಅಂಜನಕ್ಕ ಆವತ್ತು ಮಧ್ಯಾಹ್ನ ಊಟ ಮಾಡಲಿಲ್ಲ. ಮೇಲೆ ಬಂದು ನನ್ನ ಕುರ್ಚಿಯ ಪಕ್ಕ ನಿಂತರು.

"ಕೆಲ್ಸ ಬರ್ತದೆ ಮಂಜಮ್ಮ. ಅವ್ರ ಪದಗಳು ಬರಲ್ಲ. ನಾಳೆ ಯಾರೋ ಒಬ್ಬ ಬಂದು ನಂಗೆ ಮಡ್ಸೋದು ಏಳ್ಕೊಡ್ತಾನಲ್ಲ, ಅದನ್ನ ನೆನುಸ್ಕೊಂಡ್ರೆ ಒಟ್ಟೆ ಉರೀತದೆ."

ನನಗೂ ಉರಿಯಿತು. ಅವರ ಜೊತೆ ಜಗಳ ಆಡುವ ಹಕ್ಕು ನನ್ನದು, ಹೊರಗಿನವನದಲ್ಲ. ಹದಿನೈದು ದಿನದಲ್ಲಿ ಕಲಿಸಿಬಿಡುತ್ತೇನೆ ಎಂದು ಮಾತು ಕೊಟ್ಟೆ.

ತರಬೇತಿ ಸಂಸ್ಥೆಯವರು ಮುದ್ರಣದ ಪದಗಳ ಪಟ್ಟಿ ಕಳಿಸಿದ್ದರು. ಒಟ್ಟು ತೊಂಬತ್ತಾರು ಪದ. ಅವನ್ನು ಕನ್ನಡ ಅಕ್ಷರದಲ್ಲಿ ಬರೆದೆ, ಅರ್ಥವನ್ನೂ ಕನ್ನಡದಲ್ಲಿ ಬರೆದೆ. ಬರೀ ಪಟ್ಟಿ ಕೊಟ್ಟರೆ ಡಿಪ್ಲೊಮಾ ಮಾಡಿದವಳು ಎಂದು ಹೇಗೆ ಗೊತ್ತಾಗಬೇಕು? ಹದಿನಾರು ಪುಟದ ಒಂದು ಪುಟ್ಟ ಪುಸ್ತಕವನ್ನೇ ಮಾಡಿದೆ. ಪ್ರತಿ ಹಾಳೆಯ ಮುಂದೆ ಹನ್ನೆರಡು ಪದ, ತಿರುವಿದರೆ ಹಿಂದೆ ಅದೇ ಸಾಲುಗಳಲ್ಲಿ ಹನ್ನೆರಡು ಅರ್ಥ. ಮುಂದೆ ಓದಿ ನೆನಪು ಮಾಡಿಕೊಳ್ಳುವುದು, ತಿರುವಿ ಸರಿಯೋ ತಪ್ಪೋ ನೋಡುವುದು. ಪುಟಸಂಖ್ಯೆ ಹಾಕಲಿಲ್ಲ, ಎಂಟು ಹಾಳೆಗೆ ಅದೇಕೆ ಎಂದುಕೊಂಡೆ. ಹದಿನಾರು ಪುಟಗಳನ್ನೂ ಒಂದೇ ದೊಡ್ಡ ಹಾಳೆಯಲ್ಲಿ ಕೂರಿಸಿ, ಪ್ರೂಫ್ ತೆಗೆಯುವ ಪ್ರಿಂಟರಿನಲ್ಲಿ ಒಂದು ಮಗ್ಗುಲು ತೆಗೆದು, ಹಾಳೆ ಮಗುಚಿ ಹಾಕಿ, ಇನ್ನೊಂದು ಮಗ್ಗುಲು ತೆಗೆದೆ. ಎರಡೂ ಕಡೆ ಮುತ್ತು ಪೋಣಿಸಿದಂತೆ ಬಂದಿತ್ತು. ಹಾಗೇ ಬಿಡಿಸಿದ ಹಾಳೆಯನ್ನು ಕೆಳಗೆ ಒಯ್ದು ಎಲ್ಲರ ಎದುರಿಗೆ ಅಂಜನಕ್ಕನ ಕೈಗಿತ್ತೆ. ಮಡಿಸುವುದು ನಿಮ್ಮ ಕೆಲಸ, ನೀವೇ ಮಡಿಸಿ ಹೊಲಿದುಕೊಳ್ಳಿ ಎಂದೆ. ಅವರು ಸೆರಗಿಗೆ ಕೈ ಒರೆಸಿಕೊಂಡು, ದೇವಸ್ಥಾನದಲ್ಲಿ ಹೂವು ತೆಗೆದುಕೊಳ್ಳುವಂತೆ ತೆಗೆದುಕೊಂಡರು. ನಾನು ಬಹಳ ಬೀಗಿದೆ.

ಮರುದಿನದಿಂದ ಪಾಠ ಶುರುವಾಯಿತು. ಬೆಳಗಿನ ಟೀ ಹೊತ್ತಿಗೆ ಕಾಲು ಗಂಟೆ, ಊಟದ ಮೇಲೆ ಅರ್ಧ ಗಂಟೆ. ನಾನು ಕಂಪ್ಯೂಟರಿನಲ್ಲಿದ್ದ ಪಟ್ಟಿ ನೋಡಿಕೊಂಡು ಪ್ರಶ್ನೆ ಕೇಳುತ್ತಿದ್ದೆ. ಮೊದಲ ಮೂರು ದಿನ ಅಂಜನಕ್ಕ ಏನು ಕೇಳಿದರೂ ತಡೆದು ತಡೆದು ಹೇಳುತ್ತಿದ್ದರು. ಆಮೇಲೆ ಓಟ ಸಿಕ್ಕಿತು. ಪ್ರತಿ ಪದಕ್ಕೂ ಅವರ ಮೇಜಿನಲ್ಲಿ ಬೇರೊಂದು ಹೆಸರಿತ್ತು, ಅದನ್ನು ಬಿಡಿಸುವುದೇ ನನಗೆ ದೊಡ್ಡ ಕೆಲಸವಾಯಿತು. ಸಾಲಾಗಿ ಇಟ್ಟ ಫಾರಂಗಳ ಸುತ್ತ ನಡೆಯುತ್ತಾ ಒಂದೊಂದನ್ನೇ ಎತ್ತಿಕೊಂಡು ಪುಸ್ತಕ ಸೇರಿಸುವುದಕ್ಕೆ ಗ್ಯಾದರಿಂಗ್ ಅನ್ನಬೇಕು, ಅವರು ಪ್ರದಕ್ಷಿಣೆ ಅನ್ನುತ್ತಿದ್ದರು. ಫಾರಂಗಳ ಬೆನ್ನಿಗೆ ಒಂದೊಂದು ಕಪ್ಪು ಗುರುತು ಇರುತ್ತದೆ, ಸರದಿಯಲ್ಲಿ ಸೇರಿಸಿದರೆ ಅವು ಇಳಿಜಾರಾಗಿ ಕಾಣುತ್ತವೆ. ಅದು ಕೊಲೇಷನ್ ಮಾರ್ಕ್. ಅವರಿಗೆ ಅದು ಮೆಟ್ಟಿಲು. ಮೆಟ್ಟಿಲು ತಪ್ಪಿದರೆ ಫಾರಂ ತಪ್ಪಿದೆ ಎಂದು ದೂರದಿಂದಲೇ ಹೇಳುತ್ತಿದ್ದರು. ಪರೀಕ್ಷೆಯಲ್ಲಿ ಮೆಟ್ಟಿಲು ಗಿಟ್ಟಿಲು ಎಂದರೆ ಕೆಟ್ಟಿರಿ ಎಂದು ನಾನು ಗದರಿಸುತ್ತಿದ್ದೆ.

ಒಂದು ವಿಷಯಕ್ಕೆ ಮಾತ್ರ ನನಗೆ ವಿಪರೀತ ಸಿಟ್ಟು ಬರುತ್ತಿತ್ತು. ಅಂಜನಕ್ಕ ನಾನು ಮಾಡಿಕೊಟ್ಟ ಪುಸ್ತಕವನ್ನು ನೆಟ್ಟಗೆ ಓದುತ್ತಿರಲಿಲ್ಲ. ಮೊದಲ ಹಾಳೆಯ ಪದಗಳನ್ನು ನೋಡಿ, ಅದನ್ನೇ ತಿರುವುವ ಬದಲು ಮುಂದಕ್ಕೆ ಹಾರಿ ಇನ್ಯಾವುದೋ ಹಾಳೆಯ ಬೆನ್ನು ನೋಡುತ್ತಿದ್ದರು. ಮತ್ತೆ ಹಿಂದಕ್ಕೆ ಬರುತ್ತಿದ್ದರು. ಇಷ್ಟು ವರ್ಷ ಲಕ್ಷಾಂತರ ಪುಸ್ತಕ ಹೊಲಿದ ಕೈ, ಒಂದು ಪುಸ್ತಕ ಓದುವ ಕ್ರಮ ಗೊತ್ತಿಲ್ಲವಲ್ಲ ಎಂದು ನಾನು ಒಳಗೇ ನಕ್ಕಿದ್ದುಂಟು. ಒಂದು ದಿನ ಬಾಯಿಬಿಟ್ಟೇ ಹೇಳಿದೆ.

"ಅಕ್ಕ, ಕಪ್ಪೆ ಥರ ಎಗರಬೇಡಿ. ಮುಂದೆ ಓದಿ, ಅದೇ ಹಾಳೆ ತಿರುವಿ. ಕಷ್ಟಪಟ್ಟು ಹಾಗೆ ಮಾಡಿಕೊಟ್ಟಿರೋದು."

ಅವರು ಆಗಲಮ್ಮ ಎಂದರು. ಮರುದಿನ ಮತ್ತೆ ಎಗರಿದರು. ಉತ್ತರ ಸರಿ ಬರುತ್ತಿದ್ದುದರಿಂದ ನಾನು ಹಲ್ಲು ಕಚ್ಚಿ ಸುಮ್ಮನಾದೆ.

ಪರೀಕ್ಷೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಸಿದ್ದಲಿಂಗಯ್ಯ ಎಂಬ ಪರೀಕ್ಷಕರು ಬಂದರು. ಮೂವತ್ತು ವರ್ಷ ಮುದ್ರಣ ಪಾಠ ಹೇಳಿ ನಿವೃತ್ತರಾದವರು. ಮೆಟ್ರೋ ಇಳಿದು, ಲಾರಿಗಳ ನಡುವೆ ಧೂಳು ಕುಡಿದುಕೊಂಡು ನಡೆದೇ ಬಂದಿದ್ದರು. ಬಂದವರು ಮೊದಲು ಒಂದು ಚೊಂಬು ನೀರು ಕುಡಿದರು, ಆಮೇಲೆ ಬೈಂಡಿಂಗ್ ಮೇಜಿನ ಮೇಲೆ ಕೈಯಾಡಿಸಿ, ಒಳ್ಳೆ ಮೇಜು ಎಂದರು. ಪರೀಕ್ಷೆ ಅಲ್ಲೇ ಆಗಲಿ ಎಂದರು. ಮಿಕ್ಕ ಆರು ಹೆಂಗಸರು ಕೆಲಸ ಮಾಡುವವರಂತೆ ನಟಿಸುತ್ತಾ ಸುತ್ತ ನಿಂತರು. ಪರಮಾನಂದ ಅವರು ಬಂದು ಕೈಕಟ್ಟಿ ನಿಂತರು. ಇಂಗ್ಲಿಷ್ ಏನಾದರೂ ಅಡ್ಡ ಬಂದರೆ ಇರಲಿ ಎಂದು ನನ್ನನ್ನೂ ನಿಲ್ಲಿಸಿಕೊಂಡರು.

ಅಂಜನಕ್ಕ ಹಸಿರು ರೇಷ್ಮೆ ಸೀರೆ ಉಟ್ಟು, ಮದುವೆಗೆ ಹೊರಟವರ ಹಾಗಿದ್ದರು. ತುಟಿ ಮಾತ್ರ ಒಂದೊಂದೇ ಪದ ಗೊಣಗುತ್ತಿತ್ತು.  ಇವರು ಫೇಲಾದರೆ ಮೇಲಿನ ರೂಮಿನಿಂದ ಕೆಳಗಿಳಿದು ಮುಖ ತೋರಿಸುವುದು ಹೇಗೆ ಎಂದು ನನಗೆ ಆಗಲೇ ಯೋಚನೆ ಶುರುವಾಗಿತ್ತು.

ಸಿದ್ದಲಿಂಗಯ್ಯ ಇಪ್ಪತ್ತು ಪದ ಕೇಳಿದರು. ಒಂದೂ ತಪ್ಪಲಿಲ್ಲ. ನಾನು ಬರೆದ ವಾಕ್ಯಗಳು ಅಕ್ಷರ ಬಿಡದೆ ಅಂಜನಕ್ಕನ ಬಾಯಿಂದ ಬಂದವು. ನಾನು ಪರಮಾನಂದ ಅವರ ಕಡೆ ನೋಡಿ, ಹೇಗೆ ಎಂಬಂತೆ ಹುಬ್ಬು ಹಾರಿಸಿದೆ. ಕೊನೆಗೆ ಪರೀಕ್ಷಕರು ಇಂಪೊಸಿಷನ್ ಎಂದರೇನು ಎಂದು ಕೇಳಿದರು. ಅಂಜನಕ್ಕ ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಇದು ಪುಸ್ತಕದ ಮಾತಾಯಿತು, ಈಗ ನಿಮ್ಮ ಮಾತಲ್ಲಿ ಹೇಳಿ ಎಂದರು ಅವರು.  ಸ್ವಂತ ಮಾತನ್ನೆಲ್ಲ ನಾನೇ ಹದಿನೈದು ದಿನ ಗದರಿಸಿ ಓಡಿಸಿದ್ದೆನಲ್ಲ.

"ಊಟಕ್ಕೆ ಕೂರ್ಸ್ದಂಗೆ ಸಾರ್," ಎಂದರು ಅಂಜನಕ್ಕ. "ಕೂತಾಗ ಒಬ್ರು ಇಲ್ಲಿರ್ತಾರೆ, ಒಬ್ರು ಅಲ್ಲಿರ್ತಾರೆ. ಎದ್ದು ಕೈ ತೊಳ್ಯಕ್ಕೆ ಸಾಲಲ್ಲಿ ನಿಂತಾಗ ಯಾರ ಇಂದೆ ಯಾರು ಬರ್ಬೇಕು ಅಂತ ಮೊದ್ಲೇ ತಿಳ್ಕೊಂಡು ಕೂರ್ಸೋದು."

ಸಿದ್ದಲಿಂಗಯ್ಯ ಪೆನ್ನು ಕೆಳಗಿಟ್ಟು ಅವರನ್ನೇ ನೋಡಿದರು. ಆಮೇಲೆ ಪೆನ್ನೆತ್ತಿ ಆ ಮಾತನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡರು. ಕೊಲೇಷನ್ ಮಾರ್ಕಿಗೆ ನಿಮ್ಮ ಮೇಜಿನಲ್ಲಿ ಏನನ್ನುತ್ತೀರಿ ಎಂದು ಕೇಳಿ ಮೆಟ್ಟಿಲನ್ನೂ ಬರೆದುಕೊಂಡರು. ನಾನು ನೆಲ ನೋಡಿದೆ.

ಮುಂದಿನದು ತಪ್ಪು ಹುಡುಕುವ ಪರೀಕ್ಷೆ. ಎಲ್ಲೋ ಕೆಟ್ಟ ಒಂದು ಫಾರಂ ಕೊಡುತ್ತಾರೆ, ಏನು ಕೆಟ್ಟಿದೆ, ಏಕೆ ಕೆಟ್ಟಿದೆ ಎಂದು ಹೇಳಬೇಕು. ಸಿದ್ದಲಿಂಗಯ್ಯ ಚೀಲವನ್ನೆಲ್ಲ ತಡಕಿದರು. ಮಾದರಿಗಳ ಕವರನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ನಿಮ್ಮಲ್ಲೇ ಯಾವುದಾದರೂ ಕೆಟ್ಟ ಹಾಳೆ ಇದ್ದರೆ ಕೊಡಿ ಎಂದರು. ಪರಮಾನಂದ ಅವರು ಎದೆಯುಬ್ಬಿಸಿ, ನಮ್ಮಲ್ಲಿ ಕೆಟ್ಟ ಹಾಳೆ ಬರುವುದೇ ಇಲ್ಲ ಸಾರ್ ಎಂದರು. ಬಂದದ್ದನ್ನೆಲ್ಲ ಹಿಂದಿನ ದಿನವಷ್ಟೇ ರದ್ದಿಯವನು ಲಾರಿಗೆ ತುಂಬಿದ್ದ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಅಂಜನಕ್ಕ ತಮ್ಮ ವೈರ್ ಬುಟ್ಟಿಗೆ ಕೈ ಹಾಕಿ, ಊಟದ ಡಬ್ಬಿ ಸರಿಸಿ, ನಾನು ಮಾಡಿಕೊಟ್ಟ ಪುಸ್ತಕ ತೆಗೆದರು.

"ಸಾರ್, ಇದ್ರಾಗೆ ಒಂದ್ ತಪ್ಪೈತೆ. ಇದಾಗ್ತದಾ ನೋಡಿ."

ನನಗೆ ಮೊದಲು ಬಂದದ್ದು ಸಿಟ್ಟೇ. ನನ್ನ ಕೆಲಸದಲ್ಲಿ ತಪ್ಪೇ? ಇವರಿಗೇನು ತಲೆ ಕೆಟ್ಟಿದೆಯೇ ಎಂದುಕೊಂಡೆ. ಅಂಜನಕ್ಕ ಮೊದಲ ಹಾಳೆ ತೆರೆದು ಪರೀಕ್ಷಕರ ಮುಂದೆ ಹಿಡಿದರು.

"ಮುಂದ್ಗಡೆ ಮೂರ್ನೇ ಸಾಲು ಗ್ಯಾದರಿಂಗ್ ಅಂತೈತೆ. ತಿರುವಿ ಇಂದ್ಗಡೆ ಮೂರ್ನೇ ಸಾಲು ನೋಡಿ. ಇಂಕು ಅಂಟ್ಕೊಳ್ದಂಗೆ ಉದುರ್ಸೋ ಪುಡಿ ಅಂತೈತೆ. ಇಪ್ಪತ್ತಾರು ವರ್ಷದಿಂದ ಗ್ಯಾದರಿಂಗ್ ಮಾಡ್ತಿವ್ನಿ ಸಾರ್, ಒಂದಿನಾನೂ ಪುಡಿ ಉದುರ್ಸಿಲ್ಲ."

ಹೆಂಗಸರು ಕಿಸಕ್ಕೆಂದರು. ನಾನು ಪುಸ್ತಕದತ್ತ ಬಗ್ಗಿದೆ. ಪುಡಿಯ ಅರ್ಥ ಗ್ಯಾದರಿಂಗ್ ಬೆನ್ನಿಗೆ ಕಪ್ಪು ಅಕ್ಷರದಲ್ಲಿ ಕೂತಿತ್ತು. ಅದನ್ನು ಬರೆದವಳು ನಾನು, ಅಲ್ಲಿ ಕೂರಿಸಿದವಳೂ ನಾನು. 

ಅಂಜನಕ್ಕ ಒಂದೊಂದೇ ಹಾಳೆ ತಿರುವಿ ತೋರಿಸಿದರು. ಮೊದಲ ದಿನ ಮಡಿಸಿ ಓದಿದಾಗಲೇ ಇದು ಗೊತ್ತಾಯಿತಂತೆ. ತಮಗೆ ಗೊತ್ತಿದ್ದ ನಾಲ್ಕೈದು ಪದಗಳ ಅರ್ಥ ಎಲ್ಲಿ ಹೋಗಿ ಕೂತಿದೆ ಎಂದು ಹುಡುಕಿದರಂತೆ. ಒಂದನೇ ಹಾಳೆಯ ಅರ್ಥಗಳು ಮೂರನೇ ಹಾಳೆಯ ಬೆನ್ನಿಗಿದ್ದವು, ಮೂರನೇ ಹಾಳೆಯವು ಒಂದನೆಯದರ ಬೆನ್ನಿಗೆ. ಎರಡಕ್ಕೂ ನಾಲ್ಕಕ್ಕೂ ಹಾಗೇ ಅದಲುಬದಲು. ಆ ಕಡೆ ಐದಕ್ಕೆ ಏಳು, ಆರಕ್ಕೆ ಎಂಟು. ಅಷ್ಟು ಸಿಕ್ಕಿದ ಮೇಲೆ ಏನಾಗಿದೆ ಎಂದು ತಿಳಿಯಿತಂತೆ. ಒಂದು ಮಗ್ಗುಲು ತೆಗೆದ ಮೇಲೆ ಹಾಳೆಯನ್ನು ಎಡದಿಂದ ಬಲಕ್ಕೆ ಮಗುಚಬೇಕಿತ್ತು. ಮಾಡಿದವರು ಅದನ್ನು ಮೇಲಿಂದ ಕೆಳಕ್ಕೆ ಮಗುಚಿದ್ದರು. ಅಕ್ಷರಗಳೆಲ್ಲ ನೆಟ್ಟಗೇ ಇರುವುದರಿಂದ ಬಿಡಿಸಿದ ಹಾಳೆ ನೋಡಿದರೆ ತಪ್ಪು ಕಾಣುವುದಿಲ್ಲ, ಮಡಿಸಿದವರಿಗೆ ಮಾತ್ರ ಕಾಣುತ್ತದೆ.

ಕಪ್ಪೆಯ ಹಾಗೆ ಎಗರುತ್ತಿದ್ದದ್ದು ಅದಕ್ಕೆ. ಹದಿನೈದು ದಿನ ನನ್ನ ಬೈಗುಳ ತಿನ್ನುತ್ತಾ, ನನ್ನ ತಪ್ಪನ್ನು ತಮ್ಮಷ್ಟಕ್ಕೆ ತಿದ್ದಿಕೊಳ್ಳುತ್ತಾ ಓದಿದ್ದರು.

ಸಿದ್ದಲಿಂಗಯ್ಯ ಪುಸ್ತಕವನ್ನು ಎರಡು ಸಲ ತಿರುವಿ ನೋಡಿ, ಸರಿಯಾಗಿ ಹೇಳಿದಿರಿ ಎಂದರು. ಪರಮಾನಂದ ಅವರ ಮುಖ ಮಾತ್ರ ಕೆಂಪಾಗಿತ್ತು. ಈ ಕೆಲಸ ಮಾಡಿದ್ದು ಯಾರು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಂಜನಕ್ಕ ಮಾತಾಡಿದರು.

"ಮಂಜಮ್ಮಾನೇ ಸಾರ್. ನಾನು ತಪ್ಪು ಇಡೀತೀನಾ ಇಲ್ವಾ ನೋಡ್ಬೇಕಂತ ಬೇಕಂತ್ಲೇ ಅಂಗೆ ಮಾಡ್ಕೊಟ್ರು. ಒಳ್ಳೆ ಪಾಠ ಏಳ್ಕೊಟ್ರು."

ಪರಮಾನಂದ ಅವರ ಮುಖ ಅರಳಿತು. ಪರೀಕ್ಷಕರು ನನ್ನ ಕಡೆ ತಿರುಗಿ, ಇಂಥ ಪಾಠ ನಮ್ಮ ಸಂಸ್ಥೆಯಲ್ಲೂ ಹೇಳುವುದಿಲ್ಲ ಎಂದು ತಲೆದೂಗಿದರು. ಸುಮ್ಮನೆ ಒಂದು ನಗು ನಕ್ಕಿದ್ದರೆ ಸಾಕಿತ್ತು, ಎಲ್ಲವೂ ಮುಗಿದುಹೋಗುತ್ತಿತ್ತು. ನಾನು ನಗಲು ಪ್ರಯತ್ನವನ್ನೂ ಪಟ್ಟೆ. ಅಂಜನಕ್ಕ ನನ್ನನ್ನು ನೋಡುತ್ತಲೇ ಇರಲಿಲ್ಲ, ಪುಸ್ತಕದ ಮೂಲೆಯನ್ನು ಹೆಬ್ಬೆರಳಿನಿಂದ ನೀವುತ್ತಿದ್ದರು. ನನಗೆ ನನ್ನ ಮೇಲೇ ಸಿಟ್ಟು ಬಂತು. ಆವತ್ತು ಬಂದ ಸಿಟ್ಟುಗಳಲ್ಲಿ ನ್ಯಾಯವಾದದ್ದು ಅದೊಂದೇ.

"ಇಲ್ಲ ಸಾರ್," ಎಂದೆ. "ಬೇಕಂತ ಮಾಡಿದ್ದಲ್ಲ. ನನ್ ತಪ್ಪೇ. ಈಗ ಅವರು ಹೇಳೋವರೆಗೂ ನಂಗೆ ಗೊತ್ತೇ ಇರ್ಲಿಲ್ಲ."

  ಸಿದ್ದಲಿಂಗಯ್ಯ ಮೊದಲು ನಕ್ಕರು. ತಮ್ಮ ಮೊದಲ ಕೆಲಸದಲ್ಲಿ ತಾವೂ ಹೀಗೇ ಮಗುಚಿದ್ದುಂಟು, ಅದೂ ಮೂರು ಸಾವಿರ ಪ್ರತಿ ಎಂದರು. ಪರಮಾನಂದ ಅವರು ನಗಬೇಕೋ ಬೇಡವೋ ಗೊತ್ತಾಗದೆ ಕೆಮ್ಮಿದರು. ಹೆಂಗಸರಿಗೆ ಅಂಥ ಅನುಮಾನವೇನೂ ಇರಲಿಲ್ಲ, ಮನಸಾರೆ ನಕ್ಕರು.

"ಕೊನೇ ಪ್ರಶ್ನೆ ಅಂಜನಮ್ಮ," ಎಂದರು ಸಿದ್ದಲಿಂಗಯ್ಯ. "ನೀವು ಸೂಪರ್‌ವೈಸರ್ ಆದ್ಮೇಲೆ ಇಂಥ ತಪ್ಪು ಮಾಡಿದೋರಿಗೆ ಏನು ಮಾಡ್ತೀರಿ?"

ಈ ಪ್ರಶ್ನೆ ನನ್ನ ಪಟ್ಟಿಯಲ್ಲಿ ಇರಲಿಲ್ಲ. ಅಂಜನಕ್ಕ ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟರು.

"ಬೈಯಲ್ಲ ಸಾರ್. ಬೈದ್ರೆ ಮುಂದಿನ್ ಸಲ ತಪ್ಪು ಮುಚ್ಚಿಡ್ತಾರೆ. ಪಕ್ಕದಾಗೆ ನಿಲ್ಲಿಸ್ಕೊಂಡು ಅವ್ರ ಕೈಯಿಂದ್ಲೇ ಒಂದ್ ಆಳೆ ಮಡ್ಸಿಸ್ತೀನಿ." ಹಾಗೆಂದವರು ಮೇಜಿನ ಮೇಲಿಂದ ಒಂದು ಖಾಲಿ ಹಾಳೆ ಎಳೆದು ನನ್ನ ಮುಂದೆ ಹಾಸಿದರು. "ಬಾ ಮಂಜಮ್ಮ."

ಎಂಟು ವರ್ಷದಲ್ಲಿ ಎಷ್ಟು ಸಾವಿರ ಹಾಳೆಗೆ ಪುಟ ಕೂರಿಸಿದ್ದೇನೋ ಲೆಕ್ಕವಿಲ್ಲ. ಒಂದನ್ನೂ ಕೈಯಾರೆ ಮಡಿಸಿರಲಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ, ಆವತ್ತು ಹೇಳುವ ಅಗತ್ಯವೂ ಬೀಳಲಿಲ್ಲ. ಮೊದಲ ಮಡಿಕೆಯೇ ಸೊಟ್ಟಗೆ ಬಂತು. ಅಂಜನಕ್ಕ ನನ್ನ ಕೈಯ ಮೇಲೆ ಕೈಯಿಟ್ಟು, ಮೂಲೆಗೆ ಮೂಲೆ ಸೇರಿಸಿ, ನಡುವಿನಿಂದ ಹೊರಕ್ಕೆ ಹೆಬ್ಬೆರಳು ಎಳೆಯುವುದು ತೋರಿಸಿದರು. ಅವರ ಅಂಗೈ ಸುಟ್ಟ ಹಂಚಿನ ಹಾಗೆ ಒರಟಾಗಿತ್ತು, ಬೆಚ್ಚಗಿತ್ತು. ಎರಡನೇ ಮಡಿಕೆ, ಮೂರನೇ ಮಡಿಕೆ. ಮಡಿಸಿದ್ದು ಹಾಗೇ ಇರಲಿ, ಪೆನ್ಸಿಲಿನಲ್ಲಿ ಪುಟಸಂಖ್ಯೆ ಬರೆ ಎಂದರು. ಸಂದಿಯಲ್ಲಿ ಇಣುಕಿ ಇಣುಕಿ ಒಂದರಿಂದ ಹದಿನಾರರವರೆಗೆ ಬರೆದೆ. ಈಗ ಬಿಡಿಸು ಎಂದರು.

ಬಿಡಿಸಿದೆ. ಸಂಖ್ಯೆಗಳು ಹಾಳೆಯ ತುಂಬ ಚೆಲ್ಲಾಡಿ ಬಿದ್ದಿದ್ದವು, ಅರ್ಧಕ್ಕರ್ಧ ತಲೆಕೆಳಗಾಗಿ. ನಾಲ್ಕರ ಪಕ್ಕ ಹದಿಮೂರು, ಒಂದರ ಪಕ್ಕ ಹದಿನಾರು, ಒಂದರ ಬೆನ್ನಿಗೆ ಎರಡು. ಈ ನಕ್ಷೆಯನ್ನು ದಿನಾ ಪರದೆಯ ಮೇಲೆ ನೋಡಿದವಳು ನಾನು. ಅದು ಹೀಗೇಕೆ ಇರುತ್ತದೆ ಎಂದು ಮೊದಲ ಸಲ ಕೈಗೆ ಗೊತ್ತಾಯಿತು. ಎಷ್ಟು ಸಂತೋಷವಾಯಿತೆಂದರೆ ಎಲ್ಲರೆದುರು ಜೋರಾಗಿ ನಕ್ಕುಬಿಟ್ಟೆ, ಕಣ್ಣಲ್ಲಿ ನೀರೂ ಬಂತು. ಡಿಪ್ಲೊಮಾ ಬಂದ ದಿನ ನನಗೆ ಇಷ್ಟು ಖುಷಿ ಆಗಿರಲಿಲ್ಲ.

ಅಷ್ಟರಲ್ಲಿ ಸಿದ್ದಲಿಂಗಯ್ಯ ಪರೀಕ್ಷೆಯ ಫಲಿತಾಂಶದ ಕಾಗದ ತುಂಬಿ, ಸಹಿ ಹಾಕಿ, ಪರಮಾನಂದ ಅವರ ಕೈಗೆ ಕೊಟ್ಟಾಗಿತ್ತು. ಅವರು ಓದಿ, ಪಾಸು ಎಂದು ದೊಡ್ಡ ದನಿಯಲ್ಲಿ ಹೇಳಿದರು. ಹೆಂಗಸರು ಚಪ್ಪಾಳೆ ತಟ್ಟಿದರು. ಒಬ್ಬರು ಓಡಿಹೋಗಿ ಎಲ್ಲರಿಗೂ ಟೀ ಹೇಳಿ ಬಂದರು. ಅಂಜನಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಎಲ್ಲರ ಕಡೆ ನೋಡಿ ನಕ್ಕರು. ಆಮೇಲೆ ಬಗ್ಗಿ ನನ್ನ ಹಾಳೆಯ ಮೊದಲ ಮಡಿಕೆಯನ್ನು ನೋಡಿದರು, ಬೆರಳಿನಿಂದ ಸವರಿದರು, ಇನ್ನೊಂದು ಖಾಲಿ ಹಾಳೆ ಎಳೆದರು.

"ಮೊದ್ಲನೇದು ಸೊಟ್ಟಗೈತೆ. ಇನ್ನೊಂದ್ ಮಡ್ಸು."

ಟೀ ಬಂತು. ಎಲ್ಲರೂ ಕುಡಿದರು. ಹೊಸ ಸೂಪರ್‌ವೈಸರ್ ಮೇಜಿನ ತಲೆಗೆ ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ಟೀ ಆರಲು ಬಿಟ್ಟು ಎರಡನೇ ಹಾಳೆ ಮಡಿಸುತ್ತಿದ್ದೆ.